ಡೆಸ್ಮಂಡ್‌ನ ಬುಧವಾರದ ಸಂಜೆಗಳು

ಹ್ಯಾಲಿಫ್ಯಾಕ್ಸ್ ಊರಿನ ಲಿಫ್ಟ್ ರಿಪೇರಿ ಕಂಪನಿಯೊಂದರಲ್ಲಿ ವ್ಯಾನುಗಳ ಉಸ್ತುವಾರಿ ಗ್ಲೆನಿಸ್ ಆಕ್ರಾಯ್ಡ್‌ಳದು. ಡ್ರೈವರುಗಳೆಲ್ಲ ಅವಳ ಕೈಯ ಟೀ ಕುಡಿದು, ಅವಳಿಂದಲೇ ಬೈಸಿಕೊಂಡು ಹಳಬರಾದವರು. ಖಾಸಗಿ ಪಾರ್ಕಿಂಗ್‌ನವರಿಂದ ಕಂಪನಿಗೆ ದಂಡದ ನೋಟಿಸು ಬಂದರೆ, ಮೊದಲು ವ್ಯಾನು ಓಡಿಸಿದವನಿಗೆ ಒಂದು ಮಾತು ಹೇಳಿಯೇ ಅವರಿಗೆ ಅವನ ಹೆಸರು ಕೊಡುವುದು ಅವಳ ಪದ್ಧತಿ.

ಹೊಸ ಮ್ಯಾನೇಜರ್ ರಸೆಲ್‌ಗೆ ಇದು ಹಿಡಿಸಲಿಲ್ಲ. "ಕೇಳೋದೇನಿದೆ ಅವರನ್ನ? ಹೆಸರು, ಮನೆ ವಿಳಾಸ ಕೊಟ್ಟು ಕೈ ತೊಳ್ಕೊಳ್ಳಿ."

"ಕೊಡ್ತೀನಪ್ಪ, ಅವರೇನು ಊರು ಬಿಟ್ಟು ಓಡಿಹೋಗ್ತಾರಾ?" ಎಂದಳು ಗ್ಲೆನಿಸ್.

ಈ ಸಲದ ನೋಟಿಸು ಡೆಸ್ಮಂಡ್ ಓಡಿಸುವ ವ್ಯಾನಿನದು. ಬುಧವಾರ ಸಂಜೆ ಊರಾಚೆಯ ಅಂಗಡಿಸಾಲಿನ ಎದುರು ಹೊತ್ತು ಮೀರಿ ನಿಲ್ಲಿಸಿದ್ದ. ವಿಷಯ ಕೇಳಿ ಅವನ ಮುಖ ಬಿಳಿಚಿತು.

"ದಂಡ ಕಟ್ತೀನಿ ಕಣೆ. ಮನೆ ವಿಳಾಸ ಮಾತ್ರ ಕೊಡಬೇಡ. ಕಾಗದ ಹೆಂಡ್ತಿ ಕೈಗೆ ಸಿಕ್ಕಿದ್ರೆ ಮುಗೀತು."

"ಈ ವಯಸ್ಸಲ್ಲಿ ಯಾವಳನ್ನೋ ಮಾಡ್ಕೊಂಡಿದ್ದೀಯೇನೋ?"

ಡೆಸ್ಮಂಡ್ ನಗಲಿಲ್ಲ. ಹೆಂಡತಿ ನೊರೀನ್‌ಳ ಕಿವಿ ದಿನೇ ದಿನೇ ಮಂದವಾಗುತ್ತಿದೆ, ಆ ಮಾತೆತ್ತಿದರೆ ಸಿಡಿದು ಬೀಳುತ್ತಾಳೆ ಎಂದ. ಅಂಗಡಿಸಾಲಿನ ಹಿಂದಿನ ಚರ್ಚಿನಲ್ಲಿ ಬುಧವಾರ ಸಂಜೆ ಕಿವುಡರ ಕೈಭಾಷೆ ಕಲಿಸುತ್ತಾರೆ, ಅವಳಿಗೆ ಹೇಳದೆ ಅಲ್ಲಿಗೆ ಹೋಗುತ್ತಿದ್ದಾನಂತೆ. "ಪೂರ್ತಿ ಕೇಳಿಸದೇ ಹೋದ ದಿನ ಅವಳ ಜೊತೆ ಮಾತಾಡೋಕೆ ಒಬ್ಬರಾದ್ರೂ ಬೇಕಲ್ಲ" ಎಂದ.

ಗ್ಲೆನಿಸ್ ಹೆಸರನ್ನು ಮುಚ್ಚಿಡಲಿಲ್ಲ. ಆದರೆ ಕಾಗದ ತಲುಪುವ ವಿಳಾಸವೆಂದು ಕಂಪನಿಯದನ್ನೇ ಕೊಟ್ಟಳು. ರಸೆಲ್ ಹುಬ್ಬು ಗಂಟಿಕ್ಕಿದ.

"ದಿನಾ ಬೆಳಿಗ್ಗೆ ಇಲ್ಲಿಗೇ ಬರ್ತಾನೆ, ಅವನ ಕೈಗೇ ಕೊಡ್ತೀನಿ" ಎಂದಳು. ತುಸು ಯೋಚಿಸಿ ಅವನೂ ಒಪ್ಪಿದ.

ಸಂಜೆ ಡೆಸ್ಮಂಡ್‌ನನ್ನು ತಡೆದು ಹೇಳಿದಳು: "ಆಫೀಸಿನವರಿಂದ ಮುಚ್ಚಿಡು, ತಪ್ಪಿಲ್ಲ. ಹೆಂಡ್ತಿಯಿಂದ ಎಷ್ಟು ದಿನ ಮುಚ್ಚಿಡ್ತೀಯ? ಅವಳಿಗೋಸ್ಕರ ಕಲಿತಿರೋ ಮಾತನ್ನ ಅವಳ ಹತ್ರಾನೇ ಆಡದೆ ಇನ್ಯಾರ ಹತ್ರ ಆಡ್ತೀಯೋ?"

ಅಂದೇ ರಾತ್ರಿ ಊಟಕ್ಕೆ ಕೂತಾಗ ಅವನು ಹೇಳಿಬಿಟ್ಟ. ನೊರೀನ್ ತಟ್ಟೆ ಸರಿಸಿ ಎದ್ದು ಹೋದಳು. ವಾರವಿಡೀ ಮಾತಿಲ್ಲ. ಬುಧವಾರ ಅವನು ಹೊರಡುವಾಗ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನೀನು ಕೈಯಲ್ಲಿ ಏನೇನು ಬೈತೀಯೋ, ನನಗೂ ಗೊತ್ತಾಗಬೇಕಲ್ಲ" ಎಂದಳು.

ಈಗ ಇಬ್ಬರೂ ಬಸ್ಸಿನಲ್ಲಿ ಹೋಗಿಬರುತ್ತಾರೆ. ನೊರೀನ್ ಅವನಿಗಿಂತ ಬೇಗ ಕಲಿಯುತ್ತಿದ್ದಾಳೆ. "ನನ್ನ ಬೆರಳು ಮರದ ಕೊರಡಂತೆ ಕಣೆ" ಎಂದು ಡೆಸ್ಮಂಡ್ ಗ್ಲೆನಿಸ್‌ಳ ಮುಂದೆ ದೂರುತ್ತಾನೆ, ಮುಖದ ತುಂಬ ನಗು ಇಟ್ಟುಕೊಂಡೇ.