ಮೇಷ್ಟ್ರ ಕಷಾಯಕ್ಕೆ ನೂರ ನಲವತ್ತು ಅಂಕ

ಗೆಳೆಯರೇ, ಇವತ್ತು ಬೆಳಿಗ್ಗೆ ಬನಶಂಕರಿಯ ನಮ್ಮ ಪಾರ್ಕಿನಲ್ಲಿ ನನ್ನ ಲಿವರ್ ಮೊದಲ ದರ್ಜೆಯಲ್ಲಿ ಪಾಸಾಯಿತು. ಪಾಸು ಮಾಡಿದವರು ನಿವೃತ್ತ ಲೆಕ್ಕದ ಮೇಷ್ಟ್ರು. ಮೂರು ತಿಂಗಳಿಂದ ಫ್ಲಾಸ್ಕಿನಲ್ಲಿ ಅಮೃತಬಳ್ಳಿ ಕಷಾಯ ತಂದು, ‘ಲಿವರ್‌ಗೆ ಒಳ್ಳೇದು’ ಎಂದು ವಾಕಿಂಗ್‌ಗೆ ಬರುವ ನಮಗೆಲ್ಲ ಕುಡಿಸುತ್ತಿರುವವರೂ ಅವರೇ.

ನಿನ್ನೆ ಬಂದ ರಕ್ತಪರೀಕ್ಷೆಯ ವರದಿಯಲ್ಲಿ ನನ್ನ ಎಸ್‌ಜಿಪಿಟಿ ನೂರ ನಲವತ್ತು. ಅದು ಐವತ್ತರ ಒಳಗಿರಬೇಕು. ಲಿವರ್‌ನ ಜೀವಕೋಶಗಳಿಗೆ ಪೆಟ್ಟಾದಾಗ ಈ ಕಿಣ್ವ ರಕ್ತಕ್ಕೆ ಸೋರುತ್ತದೆ. ‘ಮೊದಲು ಆ ಕಷಾಯ ನಿಲ್ಸಿ, ಆಮೇಲೆ ಮತ್ತೆ ಟೆಸ್ಟ್ ಮಾಡೋಣ’ ಎಂದರು ಡಾಕ್ಟರು.

ಹಾಗಾಗಿ ಇವತ್ತು ಲೋಟ ಬೇಡವೆಂದು ಹೇಳಿ ವರದಿ ತೋರಿಸಿದೆ. ಮೇಷ್ಟ್ರು ಕನ್ನಡಕ ಏರಿಸಿ ಓದಿದರು.

‘ಐವತ್ತು ಸಾಕು ಅಂದಿದಾರೆ, ನಿಮಗೆ ನೂರ ನಲವತ್ತು ಬಂದಿದೆ. ಲಿವರ್ ಭರ್ಜರಿಯಾಗಿ ಕೆಲಸ ಮಾಡ್ತಿದೆ. ಯಾಕ್ರೀ ನಿಲ್ಲಿಸ್ತೀರ?’

‘ಸಾರ್, ಇದು ಮಾರ್ಕ್ಸ್ ಅಲ್ಲ. ಜಾಸ್ತಿ ಬಂದ್ರೆ ಲಿವರ್‌ಗೆ ಏಟು ಬಿದ್ದಿದೆ ಅಂತ.’

‘ಮೂವತ್ತು ವರ್ಷ ಪೇಪರ್ ತಿದ್ದಿದೀನಿ. ಜಾಸ್ತಿ ಬಂದು ಫೇಲಾದೋನನ್ನ ನಾನಂತೂ ನೋಡಿಲ್ಲ.’

ಬೆಂಚಿನ ಮೇಲಿದ್ದ ಉಳಿದ ನಾಲ್ವರು ನನ್ನ ವರದಿಯನ್ನು ಅಸೂಯೆಯಿಂದ ನೋಡಿ, ಇನ್ನೊಂದೊಂದು ಲೋಟ ಹಾಕಿಸಿಕೊಂಡರು. ಅವರಲ್ಲಿ ಯಾರ ರಕ್ತಪರೀಕ್ಷೆಯೂ ಇನ್ನೂ ಆಗಿಲ್ಲ.