ಅವ್ವ ಕೀಳಿಸಿದ ಹೊಂಗೆ

ತೊಂಬತ್ತರ ದಶಕದಲ್ಲಿ ಚಳ್ಳಕೆರೆಯಲ್ಲಿ ನಾವು ಕಟ್ಟಿಸಿದ ಆರ್‌ಸಿಸಿ ಮನೆ ಮಧ್ಯಾಹ್ನವಾದರೆ ಕಾದ ಹೆಂಚು. ಮೊಳಕಾಲ್ಮೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ ಅವ್ವ ಊಟ ಮುಗಿಯುತ್ತಲೇ ಚೀಲ ಹುಡುಕುತ್ತಿದ್ದಳು. ಮಣ್ಣಿನ ಮಾಳಿಗೆಯ ತಂಪಿನಲ್ಲಿ ಬಾಳಿದ ಜೀವ. "ನಿಮ್ಮನೇಲಿ ಉಸಿರು ಕಟ್ತೈತೆ ಕಣವ್ವ" ಅನ್ನುವಳು. ಅಪ್ಪ ಹೋದ ಮೇಲೆ ಅವಳನ್ನು ಒಂದು ವಾರವಾದರೂ ಇಟ್ಟುಕೊಳ್ಳಬೇಕೆಂಬ ಆಸೆ ನನಗೆ. ಹೊಂಗೆ ನೆರಳು ತಾಯಿ ಮಡಿಲು ಎಂಬ ಮಾತಿದೆಯಲ್ಲ, ಅದನ್ನೇ ನಂಬಿ ಅಂಗೈಯಗಲದ ಹಿತ್ತಲಲ್ಲಿ ಹೊಂಗೆ ಹಾಕಿದೆ.

ಪಾತ್ರೆ ತೊಳೆದ ನೀರು ಕುಡಿದು ಅದು ಬೇಗನೆ ನನ್ನೆತ್ತರ ಬಂತು. ಇನ್ನೊಂದೆರಡು ಬೇಸಿಗೆ ಕಳೆದರೆ ಕೆಳಗೆ ಮಂಚ ಹಾಕಬಹುದು ಎಂದುಕೊಂಡಿದ್ದೆ. ಬಂದ ಅವ್ವ ಗಿಡ ನೋಡಿ ಮುಖ ಗಂಟಿಕ್ಕಿದಳು.

"ಯಾರೇ ಇದನ್ನ ಗೋಡೆ ಪಕ್ಕ ಹಾಕಿದ್ದು? ಕೀಳು."

"ನಿನಗೋಸ್ಕರಾನೇ ಹಾಕಿದ್ದು" ಅಂದೆ, ಸಿಟ್ಟು ಬಂದು.

"ನಮ್ಮನೆ ಹೊಂಗೆ ಮರ್ತೆಯಾ? ನಿಮ್ಮಪ್ಪನ ಮಗ್ಗದ ಗುಂಡಿಗೇ ಬಂತಲ್ಲೇ ಅದರ ಬೇರು."

ಮರೆತಿರಲಿಲ್ಲ. ಅಪ್ಪ ಕಾಲು ಇಳಿಬಿಟ್ಟು ಕೂತು ರೇಷ್ಮೆ ಸೀರೆ ನೇಯುತ್ತಿದ್ದ ಗುಂಡಿ ಅದು. ಅಲ್ಲಿನ ತೇವ ಹುಡುಕಿ ಬೇರು ಗೋಡೆಯಡಿ ನುಗ್ಗಿತ್ತು. ಪ್ರತಿ ಬೇಸಿಗೆ ಅಪ್ಪ ಕೊಡಲಿ ಹಿಡಿದು ಗುಂಡಿಗಿಳಿಯುತ್ತಿದ್ದ. ಕಡೆಗೊಮ್ಮೆ ಗುಂಡಿಯ ಅಂಚು ಕುಸಿದು, ಅರ್ಧ ನೇಯ್ದ ಸೀರೆಯ ಸಮೇತ ಮಗ್ಗ ವಾಲಿತು. ಆದರೂ ಆ ಮರದಡಿಯ ಮಧ್ಯಾಹ್ನಗಳು ನನಗೆ ಇವತ್ತಿಗೂ ಬೇಕು. ಅವ್ವ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಾ ಕೂತಿರುತ್ತಿದ್ದಳು, ನಾನು ಪಕ್ಕದಲ್ಲೇ ಸೆರಗು ಹಿಡಿದು ನಿದ್ದೆ ಹೋಗುತ್ತಿದ್ದೆ.

ಅವ್ವ ತಾನೇ ನಿಂತು ಹೊಂಗೆ ಕೀಳಿಸಿದಳು. ಮುಂದಿನ ಸಲ ರಾಂಪುರದಿಂದ ತರಿಸಿದ ಸಪೋಟ ಸಸಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು.

"ಇದರ ಬೇರು ಗೋಡೆ ತಂಟೆಗೆ ಹೋಗಲ್ಲ. ಬೆಳೆಯೋದು ಮಾತ್ರ ನಿಧಾನ."

"ಇದು ನೆರಳು ಕೊಡೋ ಹೊತ್ತಿಗೆ ನೀನು ಇರ್ತೀಯಾ?" ಕೋಪದಲ್ಲಿ ಕೇಳಿಬಿಟ್ಟೆ.

"ನಿನ್ನ ಮನೆ ಇರ್ತೈತಲ್ಲ" ಎಂದು ಬುಡಕ್ಕೆ ಮಣ್ಣು ಒತ್ತಿದಳು.

ಸಪೋಟ ಸೊಂಟದೆತ್ತರ ಬಂದ ವರ್ಷ ಅವ್ವ ತೀರಿಕೊಂಡಳು. ಒಂದು ಮಧ್ಯಾಹ್ನವೂ ನಮ್ಮಲ್ಲಿ ಮಲಗಲಿಲ್ಲ.

ಈಗ ಹಿತ್ತಲ ತುಂಬ ದಟ್ಟ ನೆರಳು. ನೋಡಿದವರೆಲ್ಲ "ಒಳ್ಳೇ ಗಿಡ ಆರಿಸಿದ್ದೀರಿ ಬಿಡ್ರಿ, ಗೋಡೆಗೆ ಒಂದು ಬಿರುಕಿಲ್ಲ" ಅನ್ನುತ್ತಾರೆ. ಹೊಂಗೆ ಬೆಳೆದು ಗೋಡೆ ಬಿರುಕು ಬಿಟ್ಟಿದ್ದರೆ ಸಿಮೆಂಟು ಮೆತ್ತಿಸುತ್ತಿದ್ದೆ. ಅವ್ವ ಒಂದು ವಾರ ಇದ್ದು ಹೋಗುತ್ತಿದ್ದಳು.