ಏಲಂ ಮಾವನ ಉಸಿರು, ಸ್ವರ

ಅವರ ಕುತ್ತಿಗೆಯ ಬುಡದಲ್ಲಿ, ಎದೆಯೆಲುಬು ಶುರುವಾಗುವಲ್ಲಿ, ಒಂದು ಗುಂಡಿಯಿತ್ತು. ಉಸಿರೆಳೆದಾಗಲೆಲ್ಲ ಅದು ಹೆಬ್ಬೆರಳು ಊರುವಷ್ಟು ಒಳಗೆ ಹೋಗುತ್ತಿತ್ತು. ಎದುರು ಕುಳಿತು ಮಾತಾಡುವಾಗ ನನ್ನ ಕಣ್ಣು ಅವರ ಮುಖಕ್ಕಿಂತ ಹೆಚ್ಚಾಗಿ ಆ ಗುಂಡಿಯ ಮೇಲೇ ಇರುತ್ತಿತ್ತು. ಅದು ಆಳವಾಗಿ ಕಂಡ ದಿನ ಮನೆಯಲ್ಲಿ ಯಾರೂ ಪಾತ್ರೆಯನ್ನು ಸದ್ದು ಮಾಡಿ ಇಡುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ನಾನು ಕಾರ್ಕಳದಿಂದ ಮಲ್ಪೆಯ ಶಾಲೆಗೆ ಟೀಚರಾಗಿ ಬಂದಾಗ ಬಾಡಿಗೆಗೆ ಸಿಕ್ಕಿದ್ದು ಅವರ ಮನೆಯ ಬದಿಯ ಕೋಣೆ. ಬೋಟುಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನಿನ ಏಲಂ ಕೂಗುವುದು, ಅಂದರೆ ಹರಾಜು ಹಾಕುವುದು, ಅವರ ಕೆಲಸ. ಊರಿಗೆ ಅವರು ಏಲಂನವರು, ನನಗೆ ಏಲಂ ಮಾವ. ಅವರ ಹೆಂಡತಿ ನನಗೆ ಅತ್ತೆ. ಮನೆಯಲ್ಲಿ ಎಲ್ಲರೂ ತುಳು ಮಾತಾಡಿದರೆ ನನ್ನ ಹತ್ತಿರ ಮಾತ್ರ ಮಾವನದು ಹಟ ಹಿಡಿದ ಕನ್ನಡ. ನನಗೂ ತುಳು ಬರುತ್ತದಲ್ಲ ಎಂದರೆ, "ಟೀಚರ ಹತ್ತಿರ ತುಳು ಮಾತಾಡಿದರೆ ಸಂಬಳ ಕೊಡುವ ಸರಕಾರಕ್ಕೆ ಬೇಸರ ಆಗ್ತದೆ" ಎನ್ನುತ್ತಿದ್ದರು.

ತಮ್ಮ ಸ್ವರದ ಮೇಲೆ ಅವರಿಗಿದ್ದ ಜಂಬ ಸಾಮಾನ್ಯದ್ದಲ್ಲ. ಬೆಳಕು ಹರಿಯುವ ಹೊತ್ತಿಗೆ ದಕ್ಕೆಯಲ್ಲಿ ಐಸ್ ಒಡೆಯುವ ಸದ್ದು, ಲಾರಿಗಳ ಹಾರನ್ನು, ಮೀನು ಕೊಳ್ಳುವ ಹೆಂಗಸರ ಚೌಕಾಸಿ; ಎಲ್ಲವನ್ನೂ ದಾಟಿಕೊಂಡು ಅವರ "ಒಂದು ಸಲ... ಎರಡು ಸಲ..." ನಮ್ಮ ಮನೆಯವರೆಗೆ ಬರುತ್ತಿತ್ತು. ಮದುವೆ ಮನೆಯಲ್ಲಿ ಉಪ್ಪು ಬೇಕಾದರೂ ಎದ್ದು ಹೋಗದೆ, ಕುಳಿತಲ್ಲಿಂದಲೇ ಅಡುಗೆಯವನನ್ನು ಕೂಗಿ ಕರೆಯುವ ಮನುಷ್ಯ.

ಬೀಡಿ ಬಿಟ್ಟಾಗ ತಡವಾಗಿತ್ತು. ದಮ್ಮು ಬಂದು ಕುಳಿತಿತ್ತು. ಯಾರೋ ಹೇಳಿದ ಬಿಳಿ ಮಾತ್ರೆಯನ್ನು ಔಷಧಿ ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗಿದರು. ನುಂಗಿದರೆ ಉಸಿರು ಸಲೀಸಾಗುತ್ತಿತ್ತು ನಿಜ. ಆದರೆ ಮುಖ ದುಂಡಗೆ ಊದಿತು, ಸಕ್ಕರೆ ಕಾಯಿಲೆ ಶುರುವಾಯಿತು, ಬಾಗಿಲ ಚೌಕಟ್ಟು ತಾಗಿದರೂ ಕೈ ನೀಲಿಗಟ್ಟುತ್ತಿತ್ತು. ಅವರೋ ಕನ್ನಡಿ ನೋಡಿಕೊಂಡು "ಮೈ ಬಂದಿದೆ ಅಲ್ವಾ ಟೀಚರ್?" ಎಂದು ಕೇಳುತ್ತಿದ್ದರು. ನನಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ಎಂಬತ್ತರ ನಂತರದ ಒಂದು ಬೇಸಗೆಯಲ್ಲಿ ಅತ್ತೆ ಅವರನ್ನು ಬಲವಂತದಿಂದ ಮಣಿಪಾಲಕ್ಕೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಮಾತ್ರೆಯನ್ನು ಮೆಲ್ಲ ಮೆಲ್ಲನೆ ಇಳಿಸುತ್ತಾ, ಬಾಯಿಗಿಟ್ಟು ಒತ್ತಿ ಎಳೆಯುವ ಪಂಪು ಕೊಟ್ಟರು. ಔಷಧಿ ಮಾತ್ರೆಯ ಜಾತಿಯದೇ, ಆದರೆ ಹೆಚ್ಚಿನಂಶ ಶ್ವಾಸಕೋಶಕ್ಕೇ ಹೋಗುತ್ತದೆ. ದಮ್ಮು ಇರಲಿ ಇಲ್ಲದಿರಲಿ, ದಿನಾ ಬೆಳಿಗ್ಗೆ ಸಂಜೆ ಬೇಕು. ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಷ್ಟನ್ನೂ ಡಾಕ್ಟರು ಹೇಳಿದ್ದರು, ಮಾವ ತಲೆಯಾಡಿಸಿಯೂ ಇದ್ದರು. ಇದು ನನಗೆ ಗೊತ್ತಾದದ್ದು ಆಮೇಲೆ.

"ಗಾಳಿಯಲ್ಲಿ ಎಂತ ಮದ್ದು ಉಂಟು ಮಾರಾಯ್ರೆ!" ಎಂದು ಗೊಣಗುತ್ತಲೇ ಶುರು ಮಾಡಿದರು. ಕೆಲವು ವಾರಗಳಲ್ಲಿ ಕುತ್ತಿಗೆಯ ಗುಂಡಿಯ ಆಳ ಕಡಿಮೆಯಾಯಿತು. ಕಾಪುವಿನ ತಂಗಿಯ ಮನೆಗೆ ಹೋದವರು ದೀಪಸ್ತಂಭದ ಬಂಡೆ ಹತ್ತಿಳಿದು ಬಂದು ಅದನ್ನು ಕೇರಿಗೆಲ್ಲ ಹೇಳಿದರು. ಅತ್ತೆಯ ಮುಖ ಹಗುರಾಗಿತ್ತು.

ಮಳೆಗಾಲ ಬಂತು, ಬೋಟುಗಳು ದಡ ಸೇರಿದವು. ಅದೇ ಸಮಯದಲ್ಲಿ ಮಾವನ ಸ್ವರ ಒಡೆಯಿತು. ಮೊದಲು ಶೀತವೆಂದರು. ಕಾಳುಮೆಣಸಿನ ಕಷಾಯ ಕುಡಿದರು, ಜ್ಯೇಷ್ಠಮಧು ಅಗಿದರು. ಜಡಿಮಳೆಯ ಆಟಿ ತಿಂಗಳು ಕಳೆದರೂ ಸ್ವರ ಬರಲಿಲ್ಲ. ಮತ್ತೆ ಬೋಟುಗಳು ಕಡಲಿಗಿಳಿದು ಮೀನು ತಂದ ಮೊದಲ ದಿನ ದಕ್ಕೆಯಲ್ಲಿ ನಿಂತು ಬಾಯಿ ತೆರೆದರೆ, ಒಣ ತೆಂಗಿನ ಗರಿಯನ್ನು ನೆಲದ ಮೇಲೆ ಎಳೆದಂಥ ಸದ್ದು ಬಂತಂತೆ. ಹಿಂದಿದ್ದವರು ನಕ್ಕರಂತೆ. ಬೇರೊಬ್ಬರು ಏಲಂ ಕೂಗಿದರು.

ಮಾವ ಮನೆಗೆ ಬಂದವರೇ ಪಂಪನ್ನು ಅಟ್ಟದ ಮೇಲಕ್ಕೆಸೆದರು.

"ಉಸಿರು ಕೊಟ್ಟು ಸ್ವರ ಕಿತ್ತುಕೊಳ್ಳುವ ಮದ್ದು ನನಗೆ ಬೇಡ."

"ಉಸಿರೇ ಇಲ್ಲದಿದ್ದರೆ ಸ್ವರ ಎಲ್ಲಿಂದ ಬರ್ತದೆ ಮಾವ?" ಎಂದೆ.

"ನಿಮಗೆ ಗೊತ್ತಾಗುವುದಿಲ್ಲ ಟೀಚರ್. ಅಲ್ಲಿ ಸುಮ್ಮನೆ ನಿಂತದ್ದು ನಾನು."

ಅತ್ತೆ ಪಂಪು ಇಳಿಸಿ ತಂದರು, ಕಾಲು ಹಿಡಿಯುವುದೊಂದು ಬಾಕಿ. ಮಾವ ಮುಟ್ಟಲಿಲ್ಲ. ಮಾತ್ರೆಯೂ ಇಲ್ಲ, ಪಂಪೂ ಇಲ್ಲ. ದಿನದಿಂದ ದಿನಕ್ಕೆ ಗುಂಡಿ ಆಳವಾಗುವುದನ್ನು ನಾನು ನೋಡುತ್ತಿದ್ದೆ. ಪಾಠ ಮಾಡುವಾಗಲೂ ಯಾರಾದರೂ ಕರೆಯಲು ಬರುತ್ತಾರೇನೋ ಎಂದು ನನ್ನ ಕಿವಿ ಗೇಟಿನ ಕಡೆಗಿರುತ್ತಿತ್ತು.

ಒಂದು ಮಧ್ಯಾಹ್ನ ಶಾಲೆಯಿಂದ ಬಂದಾಗ ಮಾವ ಕಿಟಕಿಯ ಸರಳು ಹಿಡಿದು ನಿಂತಿದ್ದರು. ತುಟಿ ನೀಲಿ. ಒಂದು ಶಬ್ದ ಹೇಳಲು ಎರಡು ಸಲ ಉಸಿರು ಬೇಕಾಗುತ್ತಿತ್ತು. ನಾನು ರಸ್ತೆಗೆ ಓಡಿದೆ. ಎದುರು ಬಂದದ್ದು ದಕ್ಕೆಯ ಏಲಂನಲ್ಲಿ ದಿನಾ ಮೀನು ಕೊಳ್ಳುವ ಬ್ಯಾರಿ ಸಾಹೇಬರ ಟೆಂಪೋ. ಮೀನಿನ ಪೆಟ್ಟಿಗೆಗಳನ್ನು ಅಲ್ಲೇ ರಸ್ತೆ ಬದಿಗೆ ಇಳಿಸಿ, ಮಾವನನ್ನು ಎತ್ತಿ ಕೂರಿಸಿದರು. ಉಡುಪಿ ದಾಟಿ ಮಣಿಪಾಲದ ಏರಿನಲ್ಲಿ ಟೆಂಪೋ ಏದುಸಿರು ಬಿಡತೊಡಗಿತು. ನನ್ನ ಹೆಗಲ ಮೇಲಿದ್ದ ಮಾವನ ತಲೆ ಭಾರವಾಗುತ್ತಾ ಬಂತು. "ಮಲಗಬೇಡಿ ಏಲಂನವರೇ, ಬಂತು, ಬಂತು" ಎಂದು ಸಾಹೇಬರು ತಿರುಗಿ ನೋಡದೆ ಕೂಗುತ್ತಲೇ ಇದ್ದರು. ನನಗೆ ಮಾವ ಹೋದರೆಂದೇ ಅನ್ನಿಸಿತ್ತು.

ಹೋಗಲಿಲ್ಲ. ಮರುದಿನ ಡಾಕ್ಟರು ಬಾಯಿ ತೆರೆಸಿ ಟಾರ್ಚು ಹಿಡಿದರು. ನಾಲಿಗೆ, ಗಂಟಲಲ್ಲೆಲ್ಲ ಮೊಸರಿನ ಕೆನೆಯಂತೆ ಬಿಳಿ ಬಿಳಿ.

"ಪಂಪು ತೆಗೆದುಕೊಳ್ಳುವಾಗ ಬಾಯಿ ಮುಕ್ಕಳಿಸುತ್ತಿದ್ದರಾ?"

ಮಾವನಿಗೆ ಮಾತಾಡಲು ಆಗುತ್ತಿರಲಿಲ್ಲ. ಅತ್ತೆಯೇ ಹೇಳಿದರು, "ಇಲ್ಲಪ್ಪ! ಮದ್ದಿನ ಮೇಲೆ ನೀರು ತಾಗಿಸಬಾರದಲ್ವಾ? ನೀವು ಹೇಳಿದ್ದು ಬೇರೆಯವರಿಗೆ ಇರಬಹುದು ಅಂತ ಎಣಿಸಿದೆವು. ಪಥ್ಯ ತಪ್ಪಬಾರದು ಅಂತ ನಾನೇ ಕಾವಲು ಕೂತು, ಒಂದು ಗಂಟೆ ಇವರಿಗೆ ನೀರು ಕೊಡುತ್ತಿರಲಿಲ್ಲ."

ಡಾಕ್ಟರು ಹಣೆ ಮುಟ್ಟಿಕೊಂಡು ಕುಳಿತುಬಿಟ್ಟರು. ಮುಕ್ಕಳಿಸದೆ ಗಂಟಲಲ್ಲಿ ಉಳಿದ ಮದ್ದಿನಿಂದಲೇ ಈ ಬೂಷ್ಟು ಬೆಳೆದು ಸ್ವರ ಒಡೆಯಿತೆಂದು ಗೊತ್ತಾದ ಕೂಡಲೇ ಅತ್ತೆ ಅತ್ತ ಅಳು ನೋಡಲಾಗಲಿಲ್ಲ. ಹಳ್ಳಿಮದ್ದಿನ ಪಥ್ಯವನ್ನು ಆ ಹೆಂಗಸು ಹುಟ್ಟಿದಂದಿನಿಂದ ನಡೆಸಿಕೊಂಡು ಬಂದಿದ್ದರು. ಪ್ರೀತಿಯಿಂದಲೇ ಗಂಡನ ಗಂಟಲು ಕಟ್ಟಿಸಿದ್ದರು. ಮಾವ ಕೈ ಚಾಚಿ ಅವರ ಸೆರಗು ಹಿಡಿದುಕೊಂಡರು.

ಬಿಳಿ ಹೋಗುತ್ತದೆ, ಸ್ವರ ಮೊದಲಿನಷ್ಟು ಬರುತ್ತದೆಂದು ಹೇಳಲಾರೆ, ಆದರೆ ಪಂಪು ಬಿಟ್ಟರೆ ಇನ್ನೊಮ್ಮೆ ಇಲ್ಲಿಗೆ ಜೀವಂತ ತಲುಪುವುದಿಲ್ಲ ಎಂದರು ಡಾಕ್ಟರು. ಮಾವ ಅತ್ತೆಯ ಕಡೆ ನೋಡಿ, ಪಂಪಿಗೆ ಕೈ ನೀಡಿದರು.

ದಸರಾ ರಜೆಯಲ್ಲಿ ಅವರು ಮತ್ತೆ ದಕ್ಕೆಗೆ ಹೊರಟಾಗ ಅತ್ತೆಯೂ ನಾನೂ ಹಿಂದೆ ಹೋದೆವು. ಬಂಗುಡೆಯ ರಾಶಿಯ ಮುಂದೆ ನಿಂತು ಅವರು ರೇಟು ಕೂಗಿದರು. ಕೂಗಿದರು ಎನ್ನುವುದು ಮರ್ಯಾದೆಗೆ. ಪಕ್ಕದವನಿಗೆ ಹೇಳಿದಷ್ಟೇ ಸ್ವರ. "ಎಂತ, ಕೇಳುವುದಿಲ್ಲ!" ಎಂದು ಹಿಂದಿನಿಂದ ಯಾರೋ ಅರಚಿದರು. ಮಾವನ ಕಿವಿ ಕೆಂಪಾಯಿತು. ಅತ್ತೆ ನನ್ನ ಕೈಯನ್ನು ಉಗುರು ಊರುವಂತೆ ಹಿಡಿದಿದ್ದರು. ಆಗ ಟೆಂಪೋ ಸಾಹೇಬರು ತಿರುಗಿ ನಿಂತು, "ಬಾಯಿ ಮುಚ್ಚಿದರೆ ಕೇಳ್ತದೆ ಮಾರಾಯ. ಮುಚ್ಚಿ ನೋಡು" ಎಂದರು.

ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು. ಐಸ್ ಒಡೆಯುವವನೂ ಸುತ್ತಿಗೆ ಇಳಿಸಿದ. ಗದ್ದಲಕ್ಕೇ ಹೆಸರಾದ ಆ ಜಾಗದಲ್ಲಿ ಮಾವನ ಸಣ್ಣ ಸ್ವರವೊಂದೇ ಕೇಳಿಸಿತು. ಮುಂದೆ ಅನೇಕ ವರ್ಷ ಅವರ ಏಲಂ ಹಾಗೆಯೇ ನಡೆಯಿತು. ಆ ದಿನದ ನಂತರ ನಾನೂ ತರಗತಿಯಲ್ಲಿ ಕಿರುಚಲಿಲ್ಲ. ಮಕ್ಕಳು ಸುಮ್ಮನಾಗುವವರೆಗೆ ಕಾಯುವ ಧೈರ್ಯ ನನಗೆ ಬಂದದ್ದು ಅವರಿಂದ. ಆ ಋಣ ದೊಡ್ಡದು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಶ್ವಾಸಕೋಶ ಪೂರ್ತಿ ಸೋತಿತು. ಮಣಿಪಾಲದಲ್ಲಿ ಆಮ್ಲಜನಕದ ಮುಖವಾಡ ಹಾಕಿ ಮಲಗಿಸಿದ್ದರು. ಮಾತಾಡಿಸಬೇಡಿ ಎಂದಿದ್ದರು ನರ್ಸ್. ನಾನು ಮಂಚದ ಬದಿಗೆ ಕುಳಿತೆ. ಮಾವ ಮುಖವಾಡವನ್ನು ಸ್ವಲ್ಪ ಎತ್ತಿ, "ಇವತ್ತು ಬಂಗುಡೆ ಎಷ್ಟಕ್ಕೆ ಹೋಯಿತು?" ಎಂದು ಕೇಳಿದರು. ಬರುವಾಗ ದಕ್ಕೆಯಲ್ಲಿ ಕೇಳಿದ್ದ ರೇಟನ್ನು ಹೇಳಿದೆ.

ಅವರು ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಅಂದುಕೊಂಡೆ. ಮುಖವಾಡ ಮತ್ತೆ ಮೇಲೆದ್ದಿತು.

"ಕಡಿಮೆಯಾಯಿತು ಟೀಚರ್. ಕೂಗಿದ್ದು ಯಾರು?"